ಅಂಗಡಿಗೆ ಬಾರದ ಆಟಗಳು

ಒಂದು ವಿಡಿಯೋ ಗೇಮ್ ಇದೆ. ಅದರಲ್ಲಿ ನೀವು ಬಸ್ ಡ್ರೈವರು. ಅಮೆರಿಕದ ಅರಿಝೋನಾ ರಾಜ್ಯದ ಟೂಸಾನ್‌ನಿಂದ ನೆವಾಡಾದ ಲಾಸ್ ವೇಗಸ್‌ಗೆ ಬಸ್ ಹೊಡೆಯಬೇಕು. ದಾರಿ ಎಂಟು ಗಂಟೆಯದು. ಆಟದಲ್ಲೂ ಎಂಟು ಗಂಟೆಯೇ, ಅದೂ ನಮ್ಮ ಗೋಡೆ ಗಡಿಯಾರದ ಎಂಟು ಗಂಟೆ! ಗಂಟೆಗೆ 45 ಮೈಲಿಗಿಂತ ಜೋರಾಗಿ ಹೋಗೋ ಹಾಗಿಲ್ಲ. ಎದುರಿಗೆ ಗಾಡಿಗಳಿಲ್ಲ, ಒಳಗೆ ಪ್ಯಾಸೆಂಜರ್ ಇಲ್ಲ, ಎರಡೂ ಕಡೆ ಬರೀ ಮರುಭೂಮಿ. ಸ್ವಲ್ಪ ನಿಲ್ಲಿಸಿ ಕಾಫಿ ಕುಡಿದು ಬರೋಣ ಅಂದರೆ ಆ ಸೌಲಭ್ಯವೂ ಇಲ್ಲ. ಕೈ ಬಿಟ್ಟರೆ ಬಸ್ಸು ಮೆಲ್ಲಗೆ ಬಲಕ್ಕೆ ಎಳೆಯುತ್ತದೆ. ರಸ್ತೆ ಬಿಟ್ಟು ಕೆಳಗಿಳಿದರೆ ಕೆಟ್ಟು ನಿಲ್ಲುತ್ತದೆ, ಆಮೇಲೆ ಎಳೆದುಕೊಂಡು ವಾಪಸ್ ಟೂಸಾನಿಗೆ. ಆ ವಾಪಸ್ ಪ್ರಯಾಣಕ್ಕೂ ಅಷ್ಟೇ ಹೊತ್ತು. ಇಷ್ಟೆಲ್ಲ ಪಡಿಪಾಟಲು ಬಿದ್ದು ಲಾಸ್ ವೇಗಸ್ ಮುಟ್ಟಿದರೆ ಸಿಗೋದು ಒಂದು ಪಾಯಿಂಟ್. ಒಂದೇ ಒಂದು :)

ಇದರ ಹೆಸರು ಡೆಸರ್ಟ್ ಬಸ್. ಪೆನ್ ಮತ್ತು ಟೆಲ್ಲರ್ ಅಂತ ಇಬ್ಬರು ಅಮೆರಿಕನ್ ಜಾದೂಗಾರರು ಇದ್ದಾರಲ್ಲ, ಅವರ ಹೆಸರಲ್ಲಿ ಸೆಗಾ ಸಿಡಿ ಯಂತ್ರಕ್ಕೆ 1995ರಲ್ಲಿ ತಯಾರಾಗಿದ್ದ 'ಸ್ಮೋಕ್ ಅಂಡ್ ಮಿರರ್ಸ್' ಅನ್ನೋ ಆಟದ ಒಂದು ಭಾಗ. ವಿಡಿಯೋ ಗೇಮಿನಿಂದ ಮಕ್ಕಳು ಕೆಡುತ್ತಾರೆ, ಹಿಂಸೆ ಕಲಿಯುತ್ತಾರೆ ಅಂತ ಆ ದಿನಗಳಲ್ಲಿ ಅಲ್ಲಿನ ರಾಜಕಾರಣಿಗಳು ದೊಡ್ಡ ಗಲಾಟೆ ಎಬ್ಬಿಸಿದ್ದರು. 'ಸರಿ ಸ್ವಾಮಿ, ತಗೊಳ್ಳಿ, ಹಿಂಸೆಯೇ ಇಲ್ಲದ, ನಿಜ ಜೀವನದಷ್ಟೇ ನಿಜವಾದ ಆಟ' ಅಂತ ಇವರು ಮಾಡಿದ ಕುಚೋದ್ಯ ಇದು. ಆದರೆ ಆಟ ಅಂಗಡಿಗೆ ಬರುವ ಮೊದಲೇ ಪ್ರಕಾಶಕರಾದ ಆಬ್ಸಲ್ಯೂಟ್ ಎಂಟರ್‌ಟೇನ್‌ಮೆಂಟ್ ಬಾಗಿಲು ಹಾಕಿತು. ವಿಮರ್ಶೆಗೆಂದು ಪತ್ರಿಕೆಗಳವರಿಗೆ ಕೆಲವು ಪ್ರತಿ ಹೋಗಿದ್ದವು, ಅಷ್ಟೇ. ಹತ್ತು ವರ್ಷ ಯಾರಿಗೂ ಅದರ ನೆನಪಿಲ್ಲ.

ಆಮೇಲೆ ಅಂಥದ್ದೊಂದು ಪ್ರತಿ ಹೊರಬಂತು, ನಕಲಾಯಿತು, ಹರಡಿತು. 2007ರಲ್ಲಿ ಕೆನಡಾದ ವಿಕ್ಟೋರಿಯಾ ಊರಿನ ಒಂದು ಹಾಸ್ಯ ತಂಡದವರು 'ನಾವು ಈ ದರಿದ್ರ ಆಟ ಆಡ್ತೀವಿ, ನೀವು ದುಡ್ಡು ಕೊಟ್ಟಷ್ಟು ಹೊತ್ತು ಆಡ್ತೀವಿ' ಅಂತ ಕೂತರು. ದುಡ್ಡೆಲ್ಲ ಆಸ್ಪತ್ರೆಯಲ್ಲಿರುವ ಮಕ್ಕಳಿಗೆ ಆಟಿಕೆ ಕೊಡಿಸುವ ಸಂಸ್ಥೆಗೆ. ಅಲ್ಲಿಂದೀಚೆಗೆ ಅದು ವರ್ಷಾವರ್ಷ ನಡೆಯುವ ಜಾತ್ರೆಯೇ ಆಗಿಹೋಗಿದೆ. ಇಷ್ಟು ವರ್ಷಗಳಲ್ಲಿ ಹಲವು ಮಿಲಿಯನ್ ಡಾಲರ್ ಕೂಡಿದೆ. ಬಿಡುಗಡೆಯೇ ಆಗದ ಆಟದಿಂದ!

ಈ ವಿಷಯ ಇವತ್ತು ಬರೆಯೋಕೆ ಕಾರಣ ನನ್ನ ಅಕ್ಕನ ಮಗ. ಎಂಜಿನಿಯರಿಂಗ್ ಎರಡನೇ ವರ್ಷ. ಭಾನುವಾರ ಮನೆಗೆ ಬಂದಿದ್ದ. ನಾನು ಈ ರದ್ದಾದ ಆಟಗಳ ಹುಚ್ಚಿನಲ್ಲಿ ಯಾವುದೋ ಹಳೇ ಸಂದರ್ಶನ ಓದುತ್ತಾ ಕೂತಿದ್ದೆ. ಇಣುಕಿ ನೋಡಿ ಕೇಳಿದ:

"ಮಾಮ, ಮಾಡಿದವರೇ ಬೇಡ ಅಂತ ಬಿಸಾಕಿದ್ದನ್ನ ನೀವ್ಯಾಕೆ ಎತ್ತಿಟ್ಕೊಳ್ತೀರ?"

ಒಳ್ಳೇ ಪ್ರಶ್ನೆ. ಆವಾಗ ಅವನಿಗೆ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ, ಊಟಕ್ಕೆ ಕರೆದರು. ಹಾಗಾಗಿ ಇಲ್ಲಿ ಕುಟ್ತಾ ಇದೀನಿ.

ಮೊದಲನೇದಾಗಿ, ಬಿಸಾಕಿದವರು ಮಾಡಿದವರಲ್ಲ. ಬಹಳಷ್ಟು ಸಲ ಹಾಗೇ. ಸ್ಟಾರ್ ಫಾಕ್ಸ್ 2 ಅಂತ ನಿಂಟೆಂಡೋದ ಆಟ. ಡಿಲನ್ ಕತ್‌ಬರ್ಟ್ ಮುಂತಾದ ಪ್ರೋಗ್ರಾಮರುಗಳು ಸೂಪರ್ ನಿಂಟೆಂಡೋ ಅನ್ನೋ 16 ಬಿಟ್ ಯಂತ್ರದ ಮೇಲೆ, ಕಾರ್ಟ್ರಿಜ್ ಒಳಗೇ ಒಂದು ಹೆಚ್ಚುವರಿ ಚಿಪ್ ಕೂರಿಸಿ, ಮೂರು ಆಯಾಮದ ಬಾಹ್ಯಾಕಾಶ ಯುದ್ಧ ತೋರಿಸಿದ್ದರು. 1995ರ ಹೊತ್ತಿಗೆ ಕೆಲಸ ಹೆಚ್ಚುಕಮ್ಮಿ ಮುಗಿದಿತ್ತು. ಆದರೆ ಆಗಲೇ ಸೋನಿಯ ಪ್ಲೇಸ್ಟೇಷನ್ ಬಂದಾಗಿತ್ತು, ನಿಂಟೆಂಡೋದ ಹೊಸ 64 ಬಿಟ್ ಯಂತ್ರವೂ ಹೊಸ್ತಿಲಲ್ಲಿತ್ತು. ಹಳೇ ಯಂತ್ರದಲ್ಲಿ ಮೂರು ಆಯಾಮದ ಆಟ ಬಿಟ್ಟರೆ ಹೊಸದರ ಮುಂದೆ ಪೇಲವ ಕಾಣುತ್ತೆ ಅಂತ ಮೇಲಿನವರಿಗೆ ಅನ್ನಿಸಿತು. ಮುಗೀತು ಕಥೆ. ಆಟದಲ್ಲಿದ್ದ ಕೆಲವು ಐಡಿಯಾಗಳು ಮುಂದೆ ಸ್ಟಾರ್ ಫಾಕ್ಸ್ 64ರಲ್ಲಿ ಬಂದವು, ಆಟ ಮಾತ್ರ ಬರಲಿಲ್ಲ. ಕೊನೆಗೆ 2017ರ ಸೆಪ್ಟೆಂಬರಿನಲ್ಲಿ, ಹಳೇ ಯಂತ್ರದ ಪುಟಾಣಿ ಆವೃತ್ತಿಯೊಂದನ್ನು ಮಾರುವಾಗ ನಿಂಟೆಂಡೋ ಅದರೊಳಗೆ ಇದನ್ನೂ ಸೇರಿಸಿ ಕೊಟ್ಟಿತು. 22 ವರ್ಷ ತಡ. ಇದನ್ನ 'ಬೇಡ ಅಂತ ಬಿಸಾಕಿದ್ದು' ಅನ್ನೋಕಾಗುತ್ತಾ?

ಎಲ್ಲವೂ ಇಷ್ಟು ಅದೃಷ್ಟದವಲ್ಲ ಅನ್ನಿ. ಕೆಲವು ಆಟಗಳಲ್ಲಿ ಉಳಿಸೋಕೆ ಏನೂ ಇಲ್ಲ! ಲಿವರ್‌ಪೂಲಿನ ಇಮ್ಯಾಜಿನ್ ಸಾಫ್ಟ್‌ವೇರ್ ಕಥೆ ಗೊತ್ತಿರಬಹುದು. 1982ರಲ್ಲಿ ಶುರುವಾದ ಕಂಪನಿ, ಸ್ಪೆಕ್ಟ್ರಮ್ ಕಾಲದ ದುಡ್ಡು, ದುಬಾರಿ ಕಾರುಗಳು, ಇಪ್ಪತ್ತರ ಆಸುಪಾಸಿನ ಹುಡುಗರು. ಬ್ಯಾಂಡರ್‌ಸ್ನ್ಯಾಚ್ ಮತ್ತು ಸೈಕ್ಲ್ಯಾಪ್ಸ್ ಅಂತ ಎರಡು 'ಮೆಗಾಗೇಮ್' ಬರ್ತಿದೆ ಅಂತ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟರು. ಕಂಪ್ಯೂಟರಿಗೆ ಸಿಕ್ಕಿಸುವ ಒಂದು ಹೆಚ್ಚುವರಿ ಸಾಧನದ ಜೊತೆ ಬರುವ ಆಟಗಳಂತೆ, ಬೆಲೆ ಮಾಮೂಲಿ ಆಟಗಳ ಹಲವು ಪಟ್ಟಂತೆ. ಬಿಬಿಸಿಯವರು 'ಈ ಆಟಗಳು ಹೇಗೆ ತಯಾರಾಗುತ್ತವೆ ನೋಡೋಣ' ಅಂತ ಕ್ಯಾಮೆರಾ ಹಿಡಿದು ಒಳಗೆ ಹೋಗಿದ್ದರು. ಅವರು ಚಿತ್ರೀಕರಿಸಿದ್ದು ಕಂಪನಿ ಮುಳುಗಿದ್ದನ್ನು. 1984ರ ಜುಲೈಯಲ್ಲಿ ಜಪ್ತಿ ಮಾಡುವವರು ಬಾಗಿಲಿಗೆ ಬಂದದ್ದೂ ಅದರಲ್ಲಿದೆ. ಬ್ಯಾಂಡರ್‌ಸ್ನ್ಯಾಚ್‌ನ ಕೆಲಸ ಒಂದಿಷ್ಟು ಬೇರೆ ರೂಪ ತಾಳಿ 1986ರಲ್ಲಿ ಬ್ರಟಾಕಸ್ ಅನ್ನೋ ಆಟವಾಗಿ ಸಿಗ್ನೋಸಿಸ್ ಕಂಪನಿಯಿಂದ ಬಂತು. ಸೈಕ್ಲ್ಯಾಪ್ಸ್? ಜಾಹೀರಾತು, ಹೆಸರು, ಮಾತು. 2018ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬ್ಲ್ಯಾಕ್ ಮಿರರ್‌ನ 'ಬ್ಯಾಂಡರ್‌ಸ್ನ್ಯಾಚ್' ನೋಡಿದವರಿಗೆ ಆ ಹೆಸರು ಎಲ್ಲಿಂದ ಬಂತು ಅಂತ ಈಗ ತಿಳಿದಿರಬೇಕು. ಆ ಚಿತ್ರದ ಕಥೆ ಶುರುವಾಗೋದೂ 1984ರ ಜುಲೈಯಲ್ಲೇ.

ಈಗ ಉಳಿಸುವ ಕೆಲಸದ ಬಗ್ಗೆ ಸ್ವಲ್ಪ. ಇದರಲ್ಲಿ ನನಗೆ ಬಹಳ ಕುತೂಹಲ, ಸಹಿಸಿಕೊಳ್ಳಿ.

ಬಿಡುಗಡೆಯಾದ ಆಟಕ್ಕೆ ಲಕ್ಷಗಟ್ಟಲೆ ಪ್ರತಿ ಇರುತ್ತೆ. ಒಂದು ಹಾಳಾದರೆ ಇನ್ನೊಂದು. ಬಿಡುಗಡೆಯಾಗದ ಆಟಕ್ಕೆ ಒಂದೋ ಎರಡೋ ಪ್ರತಿ, ಅದೂ ಸಾಮಾನ್ಯವಾಗಿ ಈಪ್ರಾಮ್ ಅನ್ನೋ ಚಿಪ್ಪಿನಲ್ಲಿ. ಅದನ್ನ ನೋಡಿದ್ದೀರಾ? ಕಪ್ಪು ಚಿಪ್ಪಿನ ನಡುವೆ ಪುಟ್ಟ ಗಾಜಿನ ಕಿಟಕಿ. ಆ ಕಿಟಕಿಯೊಳಗೆ ನೇರಳಾತೀತ ಬೆಳಕು ಬಿಟ್ಟರೆ ಬರೆದದ್ದೆಲ್ಲ ಅಳಿಸಿಹೋಗುತ್ತೆ, ಆಮೇಲೆ ಮತ್ತೆ ಬರೆಯಬಹುದು. ಆಟ ತಯಾರಾಗುವಾಗ ದಿನಾ ಬದಲಾಯಿಸಬೇಕಲ್ಲ, ಅದಕ್ಕೇ ಅದು ಅನುಕೂಲ. ಕಿಟಕಿಯ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿ, ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆದಿರುತ್ತಾರೆ. ಮೂವತ್ತು ವರ್ಷದಲ್ಲಿ ಆ ಸ್ಟಿಕ್ಕರ್ ಉದುರಿದರೆ? ಉದುರದೇ ಇದ್ದರೂ ಒಳಗೆ ಹಿಡಿದಿಟ್ಟ ವಿದ್ಯುದಾವೇಶ ನಿಧಾನಕ್ಕೆ ಸೋರುತ್ತಲೇ ಇರುತ್ತದೆ. ಒಂದು ಬಿಟ್ ಸೋರಿದರೂ ಸಾಕು, ಆಟ ಶುರುವಾಗದೇ ಇರಬಹುದು. ಫ್ಲಾಪಿಯದು ಇನ್ನೊಂದು ಗೋಳು. ಪ್ಲಾಸ್ಟಿಕ್ಕಿನ ಮೇಲೆ ಸವರಿದ ಕಬ್ಬಿಣದ ಆಕ್ಸೈಡು. ತೇವ ತಾಗಿದರೆ ಬೂಸ್ಟು. ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಬರುವ ನಮ್ಮ ಮಲೆನಾಡಿನವರಿಗೆ ಇದನ್ನ ವಿವರಿಸಬೇಕಾಗಿಲ್ಲ.

ಕ್ರಿಸ್ ಓಬರ್ತ್ ಅಂತ ಒಬ್ಬ ಅಮೆರಿಕನ್ ಪ್ರೋಗ್ರಾಮರ್. 1982ರ ಆಂಟ್‌ಈಟರ್ ಅನ್ನೋ ಆರ್ಕೇಡ್ ಆಟ ಅವರದ್ದು. 2012ರಲ್ಲಿ ತೀರಿಕೊಂಡರು. ಅವರ ಮನೆಯಲ್ಲಿ ಉಳಿದಿದ್ದ ಫ್ಲಾಪಿ, ಕಾಗದ ಎಲ್ಲ ಮುಂದೆ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಅನ್ನೋ ಸಂಸ್ಥೆಗೆ ಬಂತು. ಅದರಲ್ಲಿ ಹುಡುಕಿದರೆ, ಟಾಮ್ ಕ್ರೂಸ್‌ನ ಕಾರ್ ರೇಸಿನ ಚಿತ್ರ ಬಂದಿತ್ತಲ್ಲ, 1990ರ 'ಡೇಸ್ ಆಫ್ ಥಂಡರ್', ಅದನ್ನು ಆಧರಿಸಿದ ಒಂದು ನಿಂಟೆಂಡೋ ಆಟ! ಅದೇ ಹೆಸರಿನ ಬೇರೆ ತಂಡದ ಆಟವನ್ನು ಮೈಂಡ್‌ಸ್ಕೇಪ್ ಕಂಪನಿ ಆವಾಗಲೇ ಬಿಡುಗಡೆ ಮಾಡಿತ್ತು. ಓಬರ್ತ್ ಮಾಡಿದ್ದು ಮೂಲೆ ಸೇರಿತ್ತು. ಆದರೆ ಸಿಕ್ಕಿದ್ದು ಆಡಲು ಸಿದ್ಧವಾಗಿದ್ದ ಆಟ ಅಲ್ಲ. ಹಾರ್ಡ್ ಡಿಸ್ಕಿನ ಬ್ಯಾಕಪ್ ಒಂದು ಹಲವಾರು ಫ್ಲಾಪಿಗಳಲ್ಲಿ ತುಂಡು ತುಂಡಾಗಿ ಕೂತಿತ್ತು. ಅದನ್ನು ಜೋಡಿಸಿ, ಮೂಲ ಕೋಡನ್ನು ಹೊರತೆಗೆದು, ಆ ಕಾಲದ ಸಲಕರಣೆ ಹುಡುಕಿ ಮತ್ತೆ ಕಟ್ಟಬೇಕಾಯಿತು. ರಿಚ್ ವೈಟ್‌ಹೌಸ್ ಅನ್ನೋರು ಆ ಕೆಲಸ ಮಾಡಿದರು. 2020ರಲ್ಲಿ, ಸುಮಾರು ಮೂವತ್ತು ವರ್ಷದ ಮೇಲೆ, ಕಾರುಗಳು ಓಡಿದವು. ಬರೆದವರು ಹೋಗಿ ಎಂಟು ವರ್ಷ ಆಗಿತ್ತು.

ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ.

ಉಳಿಸಿದ ಮೇಲೂ ತಕರಾರು ಇದ್ದೇ ಇರುತ್ತೆ. 'ಇದು ಅಸಲಿಯಾ?' ಅನ್ನೋದು ದೊಡ್ಡ ಪ್ರಶ್ನೆ. ಜಪಾನಿನಲ್ಲಿ 1989ರಲ್ಲಿ 'ಮದರ್' ಅಂತ ಒಂದು ಆಟ ಬಂತು, ಬರೆದದ್ದು ಶಿಗೆಸಾತೋ ಇತೋಯಿ, ಅವರು ಜಾಹೀರಾತಿನ ಬರಹದಿಂದ ಹೆಸರು ಮಾಡಿದವರು. ಅದನ್ನ ನಿಂಟೆಂಡೋದ ಅಮೆರಿಕ ಶಾಖೆ ಪೂರ್ತಿ ಇಂಗ್ಲಿಷಿಗೆ ತಂದಿತ್ತು. 1990ಕ್ಕೆ ಕೆಲಸ ಮುಗಿದಿತ್ತು. ಆದರೆ ಹೊಸ ಯಂತ್ರ ಬರೋ ಹೊತ್ತಾಗಿತ್ತು, ಆಟ ಪೆಟ್ಟಿಗೆ ಸೇರಿತು. 1998ರಲ್ಲಿ ಆ ಇಂಗ್ಲಿಷ್ ಆವೃತ್ತಿಯ ಒಂದು ಕಾರ್ಟ್ರಿಜ್ ಸಿಕ್ಕಿತು. ಆಸಕ್ತರು ದುಡ್ಡು ಹಾಕಿ ಅದನ್ನು ನಕಲು ಮಾಡಿಸಿ ಎಲ್ಲರಿಗೂ ಹಂಚಿದರು. 'ಇದು ಯಾರೋ ಹವ್ಯಾಸಿ ಅನುವಾದಕನ ಕೈಚಳಕ, ನಿಂಟೆಂಡೋದ್ದಲ್ಲ' ಅಂತ ಅನುಮಾನ ಎದ್ದಿತು. ವಾದ ವರ್ಷಗಟ್ಟಲೆ ನಡೆಯಿತು. 2003ರಲ್ಲಿ ಜಪಾನಿನಲ್ಲಿ ಮದರ್ ಮರುಮುದ್ರಣ ಆದಾಗ, ಆ ಇಂಗ್ಲಿಷ್ ಆವೃತ್ತಿಯಲ್ಲಿ ಮಾತ್ರ ಇದ್ದ ಬದಲಾವಣೆಗಳು, ಉದ್ದವಾದ ಕೊನೆಯ ದೃಶ್ಯ ಕೂಡ, ಅದರಲ್ಲಿ ಕಾಣಿಸಿಕೊಂಡವು. ಕೊನೆಗೆ 2015ರ ಜೂನಿನಲ್ಲಿ ನಿಂಟೆಂಡೋ ತಾನೇ ಅದೇ ಅನುವಾದವನ್ನು 'ಅರ್ಥ್‌ಬೌಂಡ್ ಬಿಗಿನಿಂಗ್ಸ್' ಅನ್ನೋ ಹೆಸರಲ್ಲಿ ಬಿಡುಗಡೆ ಮಾಡಿತು. ಇಪ್ಪತ್ತೈದು ವರ್ಷದ ಹಿಂದೆ ಆ ಮಾತುಗಳನ್ನು ಬರೆದ ಅನುವಾದಕರನ್ನು ನೆನೆಸಿಕೊಂಡೆ. ಕನ್ನಡದಲ್ಲಿ ಅನುವಾದ ಮಾಡಿ ಕಳಿಸಿ ಪ್ರಕಾಶಕರ ಫೋನಿಗೆ ಕಾಯುವವರು ನಮ್ಮಲ್ಲೂ ಕೆಲವರಿದ್ದೀರಲ್ಲ, ಧೈರ್ಯ ತಂದುಕೊಳ್ಳಿ :)

ಇನ್ನು ಕಷ್ಟದ ಪ್ರಕರಣ. ಅಕ್ಕಾ ಆರ್. ಹೆಸರು ಕೇಳಿದರೆ ಯಾರೋ ಅಕ್ಕನನ್ನು ಕೂಗಿದ ಹಾಗಿದೆ, ಆದರೆ ಇದು 1982ರ ಅಟಾರಿ ಆಟ. ಮಾಡಿದ ರಾಲ್ಸ್ಟನ್ ಮತ್ತು ಹ್ಯಾಲಿ ಅನ್ನೋ ಇಬ್ಬರ ಹೆಸರಿನ ಮೊದಲ ಅಕ್ಷರಗಳೂ ಅದರಲ್ಲಿ ಸೇರಿವೆ. ಪರೀಕ್ಷೆಗೆ ಇಟ್ಟ ಕಡೆ ಜನ ಕಾಸು ಹಾಕಲಿಲ್ಲ, ಕಂಪನಿ ಕೈಬಿಟ್ಟಿತು. ಮೂರೇ ಮೂರು ಯಂತ್ರ ಉಳಿದಿರುವುದು ಗೊತ್ತಿತ್ತು, ಅವು ಸಂಗ್ರಾಹಕರ ಕೈಯಲ್ಲಿದ್ದವು. ಚಿಪ್ಪುಗಳ ನಕಲು ಮಾತ್ರ ಹೊರಗೆ ಬಂದಿರಲಿಲ್ಲ. ಸಂಗ್ರಾಹಕರ ಲೆಕ್ಕ ಸರಳ, ಎಲ್ಲರ ಹತ್ತಿರ ಇದ್ದರೆ ನನ್ನದಕ್ಕೆ ಏನು ಬೆಲೆ? 2019ರಲ್ಲಿ ಹೆಸರಿಲ್ಲದ ಯಾರೋ ಆ ಆಟವನ್ನು ಲೋಕಕ್ಕೆಲ್ಲ ಹಂಚಿಬಿಟ್ಟರು. ರಿಪೇರಿಗೆ ಬಂದವನೇ ಗುಟ್ಟಾಗಿ ನಕಲು ಮಾಡಿಕೊಂಡು ಹೋದ ಅನ್ನೋ ಆರೋಪ ಕೇಳಿಬಂತು. ನಿಜ ಏನೋ, ಯಾರೂ ಸಾಬೀತು ಮಾಡಿಲ್ಲ. 2022ರಲ್ಲಿ ಅಟಾರಿ ತನ್ನ ಐವತ್ತನೇ ವರ್ಷದ ಸಂಕಲನದಲ್ಲಿ ಅದನ್ನ ಅಧಿಕೃತವಾಗಿಯೇ ಸೇರಿಸಿತು. ಮರುವರ್ಷ ಜೆಫ್ ಮಿಂಟರ್ ಅದೇ ಹೆಸರಲ್ಲಿ ಹೊಸ ಆಟ ಮಾಡಿದರು.

ಕಳ್ಳತನ ಆಗಿದ್ದರೆ ಅದು ಕಳ್ಳತನವೇ. ಮನೆಗೆ ನಂಬಿ ಕರೆದವನು ಹಾಗೆ ಮಾಡೋದು ಹೇಸಿಗೆ. ಆದರೆ ಮೂರು ಪೆಟ್ಟಿಗೆಗಳಲ್ಲಿ ಮೂರು ಚಿಪ್ಪು, ಮೂರೂ ಮುಪ್ಪಾಗುತ್ತಿವೆ. ಬೀಗದ ಕೈ ಹಿಡಿದವರಿಗೆ ಅದು ಅಪರೂಪ ಆಗಿರೋದೇ ಲಾಭ. ಈ ವ್ಯವಸ್ಥೆಯೂ ನನಗೆ ಸರಿ ಕಾಣೋದಿಲ್ಲ. ದುಡ್ಡು ಕೊಟ್ಟು ಕೊಂಡವನಿಗೆ ಯಂತ್ರದ ಮೇಲೆ ಹಕ್ಕಿದೆ, ಸರಿ. ಆದರೆ ಒಳಗಿನ ಆಟ ಅವನ ಕಪಾಟಿನಲ್ಲೇ ಸಾಯಲಿ ಅನ್ನುವ ಹಕ್ಕೂ ಇದೆಯಾ? ನನ್ನ ಮತ ಇಲ್ಲ ಅಂತ. ಒಂದು ನಕಲು ಮಾಡಿಸಿ ಯಾವುದಾದರೂ ಸಂಗ್ರಹಾಲಯಕ್ಕೆ ಕೊಡಿ, ಬೇಕಾದರೆ ಇಪ್ಪತ್ತು ವರ್ಷ ತೆರೆಯಬೇಡಿ ಅಂತ ಬರೆದುಕೊಡಿ. ಕಾನೂನಿನ ಕಡೆಯಿಂದ ಸಹಾಯ ಏನೂ ಸಾಲದು. ಬಿಡುಗಡೆಯಾದ ಆಟಗಳದ್ದೇ ಪಾಡು ನೋಡಿ, 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಂದ ಆಟಗಳಲ್ಲಿ ಶೇಕಡಾ 87ರಷ್ಟು ಈಗ ಕೊಳ್ಳಲು ಸಿಗೋದಿಲ್ಲ ಅಂತ ಅದೇ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತ್ತು. ಸಂಶೋಧಕರಿಗೆ ಗ್ರಂಥಾಲಯಗಳು ದೂರದಿಂದಲೇ ಅಂಥ ಆಟ ತೋರಿಸಲು ಅನುಮತಿ ಕೊಡಿ ಅಂದರೆ, 2024ರ ಅಕ್ಟೋಬರಿನಲ್ಲಿ ಅಲ್ಲಿನ ಕಾಪಿರೈಟ್ ಕಚೇರಿ ಆಗಲ್ಲ ಅಂದುಬಿಟ್ಟಿತು. ಹೊರಗೇ ಬಾರದ ಆಟಗಳನ್ನ ಯಾರು ಕೇಳ್ತಾರೆ?

ಈಗ ನಿದ್ದೆ ಬಾರದ ವಿಷಯ.

ನಾನು ಗೇಮ್ ಮಾಡಿದವನಲ್ಲ. ಬೆಂಗಳೂರಿನ ಲಕ್ಷಾಂತರ ಕುರಿಗಳಲ್ಲಿ ನಾನೂ ಒಂದು ಸಾಫ್ಟ್‌ವೇರ್ ಕುರಿ. ಬಹಳ ವರ್ಷದ ಹಿಂದೆ ಒಂದು ಕಂಪನಿಯಲ್ಲಿ (ಹೆಸರು ಬೇಡ) ಟಿವಿ ಪಕ್ಕ ಇಡುವ ಸೆಟ್ ಟಾಪ್ ಬಾಕ್ಸಿಗೆ ಮೆನು ಬರೆಯುವ ತಂಡದಲ್ಲಿದ್ದೆ. ಹನ್ನೊಂದು ಜನ. ಎರಡೂವರೆ ವರ್ಷ. ಅಜ್ಜಿಯಂದಿರಿಗೂ ಅರ್ಥ ಆಗಬೇಕು ಅಂತ ರಿಮೋಟಿನ ನಾಲ್ಕೇ ಬಟನ್ನಿನಲ್ಲಿ ಎಲ್ಲ ನಡೆಯುವ ಹಾಗೆ ಮಾಡಿದ್ದೆವು. ಒಂದು ಬಟನ್ ಒತ್ತಿದರೆ ಪರದೆ ಪುಟ ಮಗುಚಿದ ಹಾಗೆ ಮಗುಚುತ್ತಿತ್ತು. ಆ ಪುಟ್ಟ ಪೆಟ್ಟಿಗೆಯ ಬಡಪಾಯಿ ಚಿಪ್ಪಿನಲ್ಲಿ ಅದನ್ನ ತಡವರಿಸದ ಹಾಗೆ ಓಡಿಸೋಕೆ ನಾನು ಮತ್ತು ಪಕ್ಕದ ಸೀಟಿನವನು ಮೂರು ತಿಂಗಳು ಒದ್ದಾಡಿದ್ದೆವು. ಅದು ಸರಿಯಾದ ದಿನ ರಾತ್ರಿ ಹನ್ನೊಂದೂವರೆಗೆ ಕ್ಯಾಂಟೀನಿನಲ್ಲಿ ಮಿಕ್ಕಿದ್ದ ತಣ್ಣನೆ ಚಿತ್ರಾನ್ನ ತಿಂದು ಸಂಭ್ರಮಿಸಿದೆವು.

ಒಂದು ಶುಕ್ರವಾರ ಮಧ್ಯಾಹ್ನ ಎಲ್ಲರನ್ನೂ ಮೀಟಿಂಗ್ ರೂಮಿಗೆ ಕರೆದರು. ಗಿರಾಕಿ ಕಂಪನಿ ಇನ್ನಾರಿಗೋ ಮಾರಾಟ ಆಗಿತ್ತು. ಇಪ್ಪತ್ತು ನಿಮಿಷ, ಎರಡು ಸ್ಲೈಡು. ಸೋಮವಾರ ಬೇರೆ ಪ್ರಾಜೆಕ್ಟು. ಸಂಬಳ ನಿಲ್ಲಲಿಲ್ಲ, ಕೆಲಸ ಹೋಗಲಿಲ್ಲ, ಹೊರಗಿನವರಿಗೆ ದೂರೋಕೆ ಏನೂ ಇಲ್ಲ. ಯಂತ್ರಗಳನ್ನ ಅಳಿಸಿ ವಾಪಸ್ ಕೊಡಿ ಅಂದರು, ಕೊಟ್ಟೆವು. ಒಪ್ಪಂದ ಹಾಗಿತ್ತು. ಇವತ್ತು ಆ ಪುಟ ಮಗುಚುವುದನ್ನ ಯಾರಿಗಾದರೂ ತೋರಿಸಬೇಕು ಅಂದರೆ ನನ್ನ ಹತ್ತಿರ ಒಂದು ಫೋಟೋ ಕೂಡ ಇಲ್ಲ. ಪಕ್ಕದ ಸೀಟಿನವನು ಈಗ ಊರಿನಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾನೆ. ಫೋನ್ ಮಾಡಿದಾಗಲೆಲ್ಲ 'ಲೋ, ನಮ್ಮ ಪುಟ ನೆನಪಿದೆಯೇನೋ?' ಅಂತಾನೆ. ಅದು ಇತ್ತು ಅನ್ನೋದಕ್ಕೆ ಈಗ ನಾವಿಬ್ಬರೇ ಸಾಕ್ಷಿ.

ಅದಕ್ಕೇ ಓಬರ್ತ್ ಮನೆಯ ಫ್ಲಾಪಿಗಳ ಕಥೆ ಓದಿ ನಿದ್ದೆ ಬರದಿದ್ದದ್ದು. ಅವರ ಮನೆಯಲ್ಲಿ ಫ್ಲಾಪಿಗಳಾದರೂ ಉಳಿದಿದ್ದವು.

ಹಾಗಂತ ಎಲ್ಲವೂ ಉಳಿಯಬೇಕು ಅಂತಲೂ ನಾನು ಹಟ ಹಿಡಿಯಲ್ಲ. ಮಾಡಿದವರೇ 'ಅದು ಕೆಟ್ಟದಾಗಿತ್ತು ಮಾರಾಯ್ರೇ, ಬಿಟ್ಟುಬಿಡಿ' ಅಂದರೆ? ಅವರು ಬದುಕಿರುವಾಗ ಅವರ ಮಾತಿಗೆ ಬೆಲೆ ಕೊಡಬೇಕು ಅನ್ನಿಸುತ್ತೆ. ಆದರೆ ಕನಿಷ್ಠ ಕೇಳಬೇಕಲ್ಲ? 1982ರಲ್ಲಿ ಇಪ್ಪತ್ತರ ಹುಡುಗರಾಗಿದ್ದವರಿಗೆ ಈಗ ಅರವತ್ತು ದಾಟಿದೆ. ಫ್ರಾಂಕ್ ಗ್ಯಾಸ್ಕಿಂಗ್ ಅನ್ನೋ ಇಂಗ್ಲೆಂಡಿನವರು 2020ರಲ್ಲಿ 'ದ ಗೇಮ್ಸ್ ದಟ್ ವರಂಟ್' ಅಂತ ಒಂದು ದಪ್ಪ ಪುಸ್ತಕ ತಂದರು, ಪೂರ್ತಿ ಇಂಥ ಆಟಗಳದ್ದೇ. ಕೋಡ್ ಸಿಗದ ಕಡೆ ಮಾಡಿದವರ ನೆನಪು, ಗ್ರಾಫ್ ಪೇಪರಿನ ಮೇಲಿನ ಚಿತ್ರ, ಯಾವುದೋ ಪತ್ರಿಕೆಯಲ್ಲಿ ಬಂದ ಒಂದೇ ಒಂದು ಸ್ಕ್ರೀನ್‌ಶಾಟ್ ಇಷ್ಟನ್ನಾದರೂ ಹಿಡಿದಿಡೋದು ಈ ಕೆಲಸದ ದೊಡ್ಡ ಪಾಲು. ಚಿಪ್ಪು ಓದೋದಕ್ಕಿಂತ ಇದೇ ಅವಸರದ್ದು ಅಂತ ನನ್ನ ಅಭಿಪ್ರಾಯ.

ನಮ್ಮ ಕಡೆಯ ಕಥೆ ಎತ್ತಿದರೆ ಹೊಟ್ಟೆ ಉರಿಯುತ್ತೆ. 1934ರಲ್ಲಿ ಬಂದ ಮೊದಲ ಕನ್ನಡ ಟಾಕಿ 'ಸತಿ ಸುಲೋಚನ'. ಅದೇನು ರದ್ದಾದ ಚಿತ್ರ ಅಲ್ಲ, ತೆರೆ ಕಂಡ ಚಿತ್ರ, ಜನ ಮುಗಿಬಿದ್ದು ನೋಡಿದ ಚಿತ್ರ. ಅದರ ಪ್ರಿಂಟ್ ಒಂದೂ ಉಳಿದಿಲ್ಲ. ಬಿಡುಗಡೆಯಾದದ್ದನ್ನೇ ಉಳಿಸಿಕೊಳ್ಳದ ನಾವು ಆಗದ್ದನ್ನ ಕೇಳೋದೆಲ್ಲಿಂದ ಅಂತೀರಾ? ಯೂನಿಕೋಡ್ ಬರುವ ಮುಂಚೆ ಒಬ್ಬೊಬ್ಬರು ಒಂದೊಂದು ಫಾಂಟಿನಲ್ಲಿ ಕುಟ್ಟಿದ ಕನ್ನಡ ಫೈಲುಗಳನ್ನ ಈಗ ತೆರೆದು ನೋಡಿ, ಸಂತೆಯಲ್ಲಿ ಚೆಲ್ಲಿದ ಚಿಹ್ನೆಗಳ ಹಾಗೆ ಕಾಣುತ್ತವೆ. ಆ ಫಾಂಟು, ಆ ತಂತ್ರಾಂಶ ಎರಡೂ ಇದ್ದರೆ ಮಾತ್ರ ಓದಬಹುದು. ಹಳೇ ಆಟಕ್ಕೆ ಎಮ್ಯುಲೇಟರ್ ಬೇಕಾದ ಹಾಗೇ.

ಅಂದ ಹಾಗೆ ಅಳಿಯನಿಗೆ ಡೆಸರ್ಟ್ ಬಸ್ ತೋರಿಸಿದೆ. ಹನ್ನೆರಡು ನಿಮಿಷ ಓಡಿಸಿದ, ಆಕಳಿಸಿದ, ಮೊಬೈಲ್ ನೋಡಿದ, ಬಸ್ಸು ಬಲಕ್ಕೆ ಜಾರಿ ಮರಳಿಗಿಳಿಯಿತು. "ಥೂ, ಇದನ್ನ ಉಳಿಸಿದ್ರಾ ಮಾಮ?" ಅಂದ. ಆಮೇಲೆ ಇನ್ನೊಂದು ಸಲ ಶುರು ಮಾಡಿದ.

ಈಗ ನಿಮ್ಮಲ್ಲೊಂದು ಕೇಳಬೇಕಿತ್ತು. ಎಂಬತ್ತು ತೊಂಬತ್ತರ ದಶಕದಲ್ಲಿ ಕಾಲೇಜಿನಲ್ಲೋ ಕಂಪ್ಯೂಟರ್ ಕ್ಲಾಸಿನಲ್ಲೋ ಕನ್ನಡದ ಆಟ, ಪದಬಂಧ, ಟೈಪಿಂಗ್ ಕಲಿಸುವ ಪ್ರೋಗ್ರಾಮು, ಚೌಕಾಬಾರ, ಏನಾದರೂ ಬರೆದವರು ನಿಮ್ಮ ಮನೆಯಲ್ಲಿ ಇದ್ದಾರಾ? ಅಟ್ಟದ ಮೇಲೆ ಫ್ಲಾಪಿ ಡಬ್ಬ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಬೂಸ್ಟು ಬಂದಿದ್ದರೆ ಡ್ರೈವಿಗೂ ಹಾಕಬೇಡಿ, ಓದುವ ತಲೆಯೂ ಹಾಳಾಗುತ್ತೆ, ಇದ್ದ ಅಕ್ಷರವೂ ಕೆರೆದುಹೋಗುತ್ತೆ. ಒಣಗಿದ ಜಾಗದಲ್ಲಿ ಇಟ್ಟು ನನಗೊಂದು ಮಾತು ತಿಳಿಸಿ. ಹಳೇ ಫ್ಲಾಪಿ ಡ್ರೈವ್ ಒಂದನ್ನ ಹೊಂದಿಸಿಟ್ಟುಕೊಂಡಿದ್ದೀನಿ, ಶನಿವಾರಗಳಂದು ಬಿಡುವಾಗಿಯೇ ಇರ್ತೀನಿ.